ಒಣ ಪ್ರತಿಷ್ಠೆ ಎಂಬ ಪಾಪ

ಕೇಳುಗರಿಗೆ ನಮಸ್ಕಾರ.

ಹೊಟ್ಟೆಬಾಕತನಕ್ಕೆ ಉಪವಾಸ ಮದ್ದು, ದುರಾಸೆಗೆ ದಾನ ಮದ್ದು. ಆದರೆ ಉಪವಾಸ, ದಾನಗಳನ್ನೇ ತಿಂದು ಕೊಬ್ಬುವ ಪಾಪವೊಂದಿದೆ. ಅದು ಒಣ ಪ್ರತಿಷ್ಠೆ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ಮನಸ್ಸು ಕೆಡಿಸುವ 8 ಯೋಚನೆಗಳನ್ನು ಹೆಸರಿಸಿದಾಗ, ಇದನ್ನು ಅಹಂಕಾರದ ಪಕ್ಕದಲ್ಲೇ, ಆದರೆ ಬೇರೆಯಾಗಿ ಇಟ್ಟರು. ನಾನೇ ದೊಡ್ಡವನು ಎಂದುಕೊಳ್ಳುವುದು ಅಹಂಕಾರ. ಹಾಗೆಂದು ನಾಲ್ಕು ಜನ ಹೇಳಲಿ ಎಂದು ಕಾಯುವುದು ಒಣ ಪ್ರತಿಷ್ಠೆ. ಮುಂದೆ 7 ಮೂಲಪಾಪಗಳ ಪಟ್ಟಿಯಲ್ಲಿ ಎರಡನ್ನೂ ಸೇರಿಸಿ ಒಂದೇ ಮಾಡಿಬಿಟ್ಟರು. ಅದು ನಷ್ಟವೇ ಸರಿ. ಎರಡಕ್ಕೂ ಚಿಕಿತ್ಸೆ ಬೇರೆ.

ಮರುಭೂಮಿಯ ಸನ್ಯಾಸಿಗಳ ಬದುಕನ್ನು ಕಂಡು ಬರೆದ ಸನ್ಯಾಸಿ ಜಾನ್ ಕಾಸಿಯನ್ ಬರೆದಿಟ್ಟ ಪ್ರಸಂಗವೊಂದನ್ನು ಕೇಳಿ. ಹಿರಿಯ ಸನ್ಯಾಸಿಯೊಬ್ಬರು ಕಿರಿಯನ ಕೋಣೆಯ ಬಾಗಿಲಿಗೆ ಬಂದಾಗ ಒಳಗೆ ಗುಣುಗುಣು ದನಿ. ಧರ್ಮಗ್ರಂಥ ಓದುತ್ತಿರಬೇಕೆಂದು ಕಿವಿಗೊಟ್ಟರೆ, ಆತ ಒಬ್ಬನೇ ಕೂತು, ತುಂಬಿದ ದೇವಾಲಯದ ಮುಂದೆ ನಿಂತವನಂತೆ ಪ್ರಬೋಧನೆ ಮಾಡುತ್ತಿದ್ದಾನೆ! ಅದು ಮುಗಿದ ಮೇಲೆ ತಾನೇ ಡೀಕನ್ ಆಗಿ, ಅಂದರೆ ಪೂಜೆಯಲ್ಲಿ ನೆರವಾಗುವ ಸೇವಕನಾಗಿ, ಅಂದಿನ ರೂಢಿಯಂತೆ ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿರುವವರನ್ನು ಹೊರಗೆ ಕಳಿಸಿದ. ಹಿರಿಯರು ಬಾಗಿಲು ತಟ್ಟಿದರು. ಬಂದು ಎಷ್ಟು ಹೊತ್ತಾಯಿತೆಂದು ಆತ ನಾಚಿ ಕೇಳಿದಾಗ, "ನೀನು ಅವರನ್ನು ಕಳಿಸುತ್ತಿದ್ದಾಗಲಷ್ಟೇ ಬಂದೆ" ಎಂದರು. ಎಷ್ಟು ಮೃದುವಾದ ಎಚ್ಚರಿಕೆ! ಈ ಪಾಪಕ್ಕೆ ನಿಜವಾದ ಪ್ರೇಕ್ಷಕರೂ ಬೇಕಿಲ್ಲ, ಕಲ್ಪನೆಯ ಚಪ್ಪಾಳೆ ಸಾಕು.

ಸಿನಾಯ್ ಬೆಟ್ಟದ ಮಠಾಧಿಪತಿ ಜಾನ್ ಕ್ಲೈಮಾಕಸ್ ಇದನ್ನು ನೆಗ್ಗಿಲು ಮುಳ್ಳಿಗೆ ಹೋಲಿಸಿದರು. ಹೇಗೆ ಎಸೆದರೂ ಒಂದು ಮೊನೆ ಮೇಲಕ್ಕೇ ನಿಲ್ಲುತ್ತದೆ. ಉಪವಾಸ ಮಾಡಿದರೆ ಅದರ ಹೆಮ್ಮೆ. ಯಾರಿಗೂ ತಿಳಿಯದಿರಲಿ ಎಂದು ಉಂಡರೆ ಆ ಜಾಣತನದ ಹೆಮ್ಮೆ.

ಹಾಗೆಂದು ಒಳ್ಳೆಯ ಕೆಲಸವನ್ನೇ ಬಿಟ್ಟವರು ಎಡವುತ್ತಾರೆ. ಜನರು ನಿಮ್ಮ ಸತ್ಕಾರ್ಯಗಳನ್ನು ಕಂಡು ದೇವರನ್ನು ಕೊಂಡಾಡಲಿ ಎನ್ನುತ್ತದೆ ಬೈಬಲಿನ ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯ. ಜನರು ನೋಡಲೆಂದು ಮಾಡಬೇಡಿ ಎನ್ನುತ್ತದೆ 6ನೆಯದು. ಕಾಣಿಸುವುದು ತಪ್ಪಲ್ಲ, ಕಾಣಿಸಲೆಂದೇ ಮಾಡುವುದು ತಪ್ಪು. ಉಪವಾಸವಿರುವಾಗ ಮುಖ ತೊಳೆದುಕೋ ಎಂಬ ಆ 6ನೇ ಅಧ್ಯಾಯದ ಮಾತನ್ನು ಕಥೋಲಿಕ ದೇವಾಲಯಗಳಲ್ಲಿ ಓದುವುದು ಬೂದಿ ಬುಧವಾರದಂದು, ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ದಿನವೇ.

13ನೇ ಶತಮಾನದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಹೇಳಿದ್ದನ್ನು ಮೂರು ಪ್ರಶ್ನೆಗಳಾಗಿ ಕೇಳಿಕೊಳ್ಳಬಹುದು. ನನ್ನಲ್ಲಿಲ್ಲದ್ದಕ್ಕೋ, ನಾಳೆ ಅಳಿದುಹೋಗುವುದಕ್ಕೋ ಹೊಗಳಿಕೆ ಬಯಸುತ್ತಿದ್ದೇನೆಯೇ? ಹೊಗಳುವವರ ತೀರ್ಪು ನಂಬುವಂಥದ್ದೇ? ಆ ಹೊಗಳಿಕೆ ದೇವರ ಮಹಿಮೆಗೋ ನೆರೆಯವರ ಒಳಿತಿಗೋ ಸಲ್ಲುತ್ತದೆಯೇ, ನನ್ನಲ್ಲೇ ನಿಲ್ಲುತ್ತದೆಯೇ? ಇಂಥ ಪ್ರತಿ ಆಸೆಯೂ ಮಾರಕ ಪಾಪವಲ್ಲ, ಅಂದರೆ ದೇವರಿಂದಲೇ ದೂರಮಾಡುವ ಘೋರ ಪಾಪವಲ್ಲ ಎಂದೂ ಅವರು ಹೇಳುತ್ತಾರೆ. ಹೊಗಳಿಕೆಗಾಗಿ ದೇವರ ಆಜ್ಞೆಯನ್ನು ಮೀರಲೂ ಮನಸ್ಸಾದಾಗ ಅದು ಮಾರಕವಾಗುತ್ತದೆ.

ಚಿಕಿತ್ಸೆಗೆ ಕಾಸಿಯನ್ ಕೊಟ್ಟ ಸೂತ್ರ ಬಹಳ ಸರಳ. ಮೊದಲನೆಯದಾಗಿ, ಹೊಗಳಿಕೆಗಾಗಿ ಯಾವುದನ್ನೂ ಶುರುಮಾಡಬೇಡ. ಸದುದ್ದೇಶದಿಂದ ಶುರುವಾದದ್ದನ್ನೂ ಕೊನೆಯವರೆಗೆ ಕಾಯಬೇಕು, ಏಕೆಂದರೆ ಹೆಚ್ಚಾಗಿ ಕೆಡುವುದು ನಡುವೆಯೇ. ಜೊತೆಯವರು ಯಾರೂ ಮಾಡದ ವಿಶೇಷ ವ್ರತ ಹಿಡಿದು ಎದ್ದು ಕಾಣಬೇಡ. ಎಲ್ಲರೂ ಎರಡು ಹೊತ್ತು ಪ್ರಾರ್ಥಿಸುವಲ್ಲಿ ನೀನೂ ಎರಡೇ ಹೊತ್ತು ಪ್ರಾರ್ಥಿಸು.

ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಯಲ್ಲೂ "ಜಂಬಪಟ್ಟೆ" ಎಂದು ಮೋಟಾಗಿ ಹೇಳಿ ಮುಗಿಸಬೇಡಿ. ಯಾವ ಕೆಲಸ, ಯಾರ ಮೆಚ್ಚುಗೆಗಾಗಿ, ಅದು ಸಿಗದಾಗ ಯಾರ ಮೇಲೆ ಮುನಿದಿರಿ, ಇಷ್ಟನ್ನೂ ಹೇಳಿ. ಕೊನೆಯದನ್ನು ಹೇಳುವುದೇ ಕಷ್ಟ, ಅದನ್ನೇ ಮೊದಲು ಹೇಳಿ.