ಈಜುವ ನೀರಿನ ಬಗ್ಗೆ ಜನರಿಗೆ ಏನು ಹೇಳಬೇಕು?

ಎಲ್ಲರಿಗೂ ನಮಸ್ಕಾರ.

ಈಜುವ ಜಾಗದ ಅಪಾಯ ಎಂದರೆ ಮೊದಲು ನೆನಪಾಗುವುದು ಮುಳುಗುವುದು. ಅದು ಸರಿಯೇ, ಅದಕ್ಕಿಂತ ದೊಡ್ಡ ಅಪಾಯ ಅಲ್ಲಿ ಇನ್ನೊಂದಿಲ್ಲ. ಇವತ್ತು ನಾನು ಮಾತಾಡಲಿರುವುದು ಮುಳುಗದೆ, ಖುಷಿಯಾಗಿ ಈಜಿ, ಕ್ಷೇಮವಾಗಿ ಮನೆಗೆ ಬಂದವರ ಬಗ್ಗೆ. ಎರಡು ದಿನ ಕಳೆದ ಮೇಲೆ ವಾಂತಿ ಭೇದಿ ಶುರುವಾಗುತ್ತದೆ. ಹಿಂದಿನ ದಿನ ಏನು ತಿಂದೆವು, ಎಲ್ಲಿ ನೀರು ಕುಡಿದೆವು ಎಂದು ಲೆಕ್ಕ ಹಾಕುತ್ತೇವೆ. ಈಜಿದ ನೀರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಈಜುವಾಗ ನಾವು ಆ ನೀರನ್ನು ಕುಡಿದಿರುತ್ತೇವೆ. ಈಜುಕೊಳದಲ್ಲಿ ನಡೆದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಮುಕ್ಕಾಲು ಗಂಟೆ ಈಜಿದ ವಯಸ್ಕರು ಸರಾಸರಿ 16 ಮಿಲಿಲೀಟರ್ ನೀರು ನುಂಗಿದ್ದರು, ಮಕ್ಕಳು 37 ಮಿಲಿಲೀಟರ್. ಮಕ್ಕಳು ದಡದ ಹತ್ತಿರ, ತಳದ ಮಣ್ಣು ಕದಡಿದ ನೀರಿನಲ್ಲೇ ಹೆಚ್ಚು ಹೊತ್ತು ಆಡುತ್ತಾರೆ. ಅವರ ಮೈತೂಕವೂ ಕಡಿಮೆ. ಹಾಗಾಗಿ ಒಂದು ಜಾಗದ ನೀರು ಯೋಗ್ಯವೋ ಅಲ್ಲವೋ ಎಂದು ತೀರ್ಮಾನಿಸುವಾಗ ಅಲ್ಲಿ ಆಡುವ ಮಗುವನ್ನೇ ಕಣ್ಣ ಮುಂದೆ ಇಟ್ಟುಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನೀರಿನ ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ. ಕ್ರಿಮಿರಹಿತ ಮಾಡಿದ ಬಾಟಲಿ ಹಿಡಿದು ಒಬ್ಬರು ನೀರಿಗೆ ಇಳಿಯುತ್ತಾರೆ. ಸಾಧ್ಯವಾದಲ್ಲೆಲ್ಲ ಕನಿಷ್ಠ ಒಂದು ಮೀಟರ್ ಆಳ ಇರುವ ಕಡೆ, ಮೇಲ್ಮೈಯಿಂದ 30 ಸೆಂಟಿಮೀಟರ್ ಕೆಳಗಿನ ನೀರು ತೆಗೆಯಬೇಕು ಎನ್ನುತ್ತದೆ ಐರೋಪ್ಯ ಒಕ್ಕೂಟದ 2006ರ ನಿಯಮ. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗುವಂತಿಲ್ಲ. ಬಾಟಲಿಗೆ ಬಿಸಿಲು ಬೀಳಬಾರದು, ಅದು ತಣ್ಣಗಿನ ಪೆಟ್ಟಿಗೆಯಲ್ಲೇ ಪ್ರಯೋಗಾಲಯ ಸೇರಬೇಕು. ಅಲ್ಲಿ ಮುಖ್ಯವಾಗಿ ಎರಡು ಬ್ಯಾಕ್ಟೀರಿಯಾಗಳನ್ನು ಹುಡುಕುತ್ತಾರೆ, ಇ. ಕೋಲೈ ಮತ್ತು ಎಂಟರೊಕಾಕೈ. ಎರಡೂ ಮನುಷ್ಯರ, ಪ್ರಾಣಿಗಳ ಕರುಳಿನಲ್ಲಿ ಇರುವಂಥವು. ಇವುಗಳಲ್ಲಿ ಹೆಚ್ಚಿನವು ತಾವಾಗಿ ಕಾಯಿಲೆ ತರುವುದಿಲ್ಲ, ಆದರೆ ನೀರಿಗೆ ಮಲ ಸೇರಿದೆ ಎಂದು ಹೇಳುತ್ತವೆ. ಮಲ ಸೇರಿದ ಕಡೆ ನೊರೊವೈರಸ್, ಹೆಪಟೈಟಿಸ್ ಎ, ಬಗೆಬಗೆಯ ಭೇದಿಯ ರೋಗಾಣುಗಳು ಇರಬಹುದು. ಅವುಗಳನ್ನೆಲ್ಲ ಒಂದೊಂದಾಗಿ ಹುಡುಕುತ್ತಾ ಕೂರಲಾಗದು, ಅದಕ್ಕಾಗಿ ಈ ಸುಳಿವು.

ಈ ಬ್ಯಾಕ್ಟೀರಿಯಾ ಬೆಳೆದು ಎಣಿಕೆಗೆ ಸಿಗಲು ಸಾಮಾನ್ಯವಾಗಿ 18ರಿಂದ 24 ಗಂಟೆ ಬೇಕು. ಬೆಳಿಗ್ಗೆ ತೆಗೆದ ನೀರಿನ ಫಲಿತಾಂಶ ಮರುದಿನ ಕೈಗೆ ಬರುತ್ತದೆ. ಅಷ್ಟರಲ್ಲಿ ಆ ನೀರಿನಲ್ಲಿ ಜನ ಒಂದು ದಿನ ಪೂರ್ತಿ ಈಜಿರುತ್ತಾರೆ. ಮರುದಿನ 'ಈಜಬೇಡಿ' ಎಂಬ ಫಲಕ ಏಳುವ ಹೊತ್ತಿಗೆ ನೀರು ಮತ್ತೆ ತಿಳಿಯಾಗಿದ್ದರೂ ಇರಬಹುದು. ಫಲಕದ ಮೇಲಿರುವುದು ನಿನ್ನೆಯ ನೀರು. ವಂಶವಾಹಿಯ ಅಂಶವನ್ನು ನೇರವಾಗಿ ಗುರುತಿಸುವ ಪರೀಕ್ಷೆಯಲ್ಲಿ ಕೆಲವೇ ಗಂಟೆಗಳಲ್ಲಿ ಉತ್ತರ ಸಿಗುತ್ತದೆ, ಆದರೆ ಅದಕ್ಕೆ ಬೇಕಾದ ಯಂತ್ರ, ತರಬೇತಿ ಎಲ್ಲ ಕಡೆ ಇಲ್ಲ.

ಇದನ್ನು ಹೇಳಿದ್ದು ಪರೀಕ್ಷೆ ದಂಡ ಎಂಬ ಅರ್ಥದಲ್ಲಿ ಅಲ್ಲ. ವರ್ಷಗಟ್ಟಲೆ ಮಾಡಿದ ಪರೀಕ್ಷೆ ಒಂದು ಜಾಗದ ಸ್ವಭಾವವನ್ನು ಬಿಡಿಸಿ ತೋರಿಸುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷಗಳ ಈಜು ಋತುವಿನ ಅಂಕಿಗಳನ್ನು ಒಟ್ಟುಗೂಡಿಸಿ ಜಾಗಕ್ಕೆ ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ ಎಂಬ ದರ್ಜೆ ಕೊಡುತ್ತಾರೆ. ಇವತ್ತು ಇಳಿಯಬಹುದೇ ಎಂಬ ಪ್ರಶ್ನೆಗೆ ಮಾತ್ರ ಆ ದರ್ಜೆಯೊಂದೇ ಸಾಲದು. ಅದಕ್ಕೆ ಆಕಾಶವನ್ನೂ ನೋಡಬೇಕು.

ಮಳೆಯ ವಿಷಯಕ್ಕೆ ಬರುತ್ತೇನೆ. ಪ್ಯಾರಿಸ್‌ನ ಸೇನ್ ನದಿಯಲ್ಲಿ 1923ರಿಂದ ಈಜು ನಿಷೇಧವಿತ್ತು. 2024ರ ಒಲಿಂಪಿಕ್ಸ್‌ಗಾಗಿ ಆ ನದಿಯನ್ನು ಶುದ್ಧ ಮಾಡಲು ಸುಮಾರು 140 ಕೋಟಿ ಯೂರೊ ಖರ್ಚು ಮಾಡಿದರು. ನೆಲದಡಿಯಲ್ಲಿ ಸುಮಾರು 50,000 ಘನ ಮೀಟರ್ ನೀರು ಹಿಡಿಯುವ ತೊಟ್ಟಿಯನ್ನೇ ಕಟ್ಟಿದರು. ಹಳೆಯ ನಗರದಲ್ಲಿ ಮಳೆನೀರೂ ಕೊಳಚೆನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಮಳೆ ಜೋರಾದರೆ ಕೊಳವೆ ತುಂಬಿ, ಉಕ್ಕಿದ್ದೆಲ್ಲ ನೇರ ನದಿಗೆ. ಉದ್ಘಾಟನೆಯ ದಿನ ಮಳೆ ಸುರಿಯಿತು. ಜುಲೈ 30ಕ್ಕೆ ಇದ್ದ ಪುರುಷರ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ) ಒಂದು ದಿನ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಸಾರ್ವಜನಿಕರಿಗೆ ಅಲ್ಲಿ ಈಜಲು ಜಾಗ ತೆರೆದ ಮೇಲೂ ಮಳೆಯಾದಾಗ ಮುಚ್ಚಬೇಕಾಯಿತು. ಅಷ್ಟು ಹಣ, ಅಷ್ಟು ತಂತ್ರಜ್ಞಾನ ಇದ್ದ ಕಡೆಯೇ ಹೀಗಾದರೆ, ಅದಾವುದೂ ಇಲ್ಲದ ಹೊಳೆ, ಕೆರೆಗಳಲ್ಲಿ ಜೋರು ಮಳೆಯಾದ ಮೇಲೆ ಒಂದೆರಡು ದಿನ, ಬೇಕಿದ್ದರೆ ಮೂರು ದಿನ, ನೀರಿಗೆ ಇಳಿಯದಿರುವುದೇ ಸರಿ. ಪ್ರಯೋಗಾಲಯದ ನೆರವಿಲ್ಲದೆ ಯಾರು ಬೇಕಾದರೂ ಪಾಲಿಸಬಹುದಾದ ಎಚ್ಚರಿಕೆ ಇದು.

ಮಲದ ಬ್ಯಾಕ್ಟೀರಿಯಾ ಎಣಿಸಿದರೆ ಗೊತ್ತಾಗದ ಅಪಾಯಗಳೂ ಇವೆ. ನೀಲಿ-ಹಸಿರು ಪಾಚಿ ಅವುಗಳಲ್ಲೊಂದು. ಬಿಸಿಲು, ನಿಂತ ನೀರು, ಹೊಲಗಳಿಂದ ಹರಿದು ಬಂದ ಗೊಬ್ಬರ ಸೇರಿದರೆ ಹಸಿರು ಬಣ್ಣ ಚೆಲ್ಲಿದ ಹಾಗೆ ನೀರಿನ ಮೇಲೆ ಕೆನೆಗಟ್ಟುತ್ತದೆ. ಹೆಸರು ಪಾಚಿಯೆಂದಿದ್ದರೂ ಇದು ಬ್ಯಾಕ್ಟೀರಿಯಾ. ಇದರ ಕೆಲವು ಜಾತಿಗಳ ವಿಷ ಯಕೃತ್ತಿಗೆ, ಕೆಲವುಗಳದ್ದು ನರಗಳಿಗೆ ಹಾನಿ ಮಾಡುತ್ತದೆ. ಈ ನೀರು ಕುಡಿದು, ಮೈಗೆ ಅಂಟಿದ್ದನ್ನು ನೆಕ್ಕಿ ನಾಯಿಗಳು ಸತ್ತದ್ದು ಎಷ್ಟೋ ಕಡೆ ದಾಖಲಾಗಿದೆ. ಕುದಿಸಿದರೂ ಈ ವಿಷ ಹೋಗುವುದಿಲ್ಲ. ಒಂದು ಕಡ್ಡಿ ಅದ್ದಿ ಎತ್ತಿ ನೋಡಿ. ಕೂದಲಿನ ಎಳೆಗಳಂತೆ ಜೋತುಬಿದ್ದರೆ ಸಾಮಾನ್ಯವಾಗಿ ಮಾಮೂಲಿ ಪಾಚಿ, ಬಣ್ಣ ಹತ್ತಿದಂತೆ ಬಳಿದುಕೊಂಡರೆ ನೀಲಿ-ಹಸಿರು ಪಾಚಿ ಎಂದು ಅನುಮಾನಪಡಬೇಕು. ಅನುಮಾನ ಬಂದರೆ ಸಾಕು, ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ.

ಇನ್ನೊಂದು, ಪತ್ರಿಕೆಗಳು 'ಮೆದುಳು ತಿನ್ನುವ ಅಮೀಬಾ' ಎಂದು ಕರೆಯುವ ನೆಗ್ಲೇರಿಯಾ ಫೌಲೇರಿ. ಇದು ಬಿಸಿಯೇರಿದ ಸಿಹಿನೀರಿನಲ್ಲಿ ಇರುತ್ತದೆ. ನುಂಗಿದರೆ ಏನೂ ಆಗುವುದಿಲ್ಲ, ಮೂಗಿನ ಮೂಲಕ ಮೇಲೇರಿದರೆ ಮಾತ್ರ ಮೆದುಳಿಗೆ ಹೋಗುತ್ತದೆ. ಕಾಯಿಲೆ ತೀರಾ ಅಪರೂಪ, ಬಂದರೆ ಉಳಿಯುವವರು ಬೆರಳೆಣಿಕೆಯಷ್ಟು. ಜನರಿಗೆ ಇದನ್ನು ತಿಳಿಸುವಾಗ ಈ ಎರಡು ಮಾತನ್ನೂ ಒಟ್ಟಿಗೆ ಹೇಳಬೇಕು. ಬರೀ 'ಅಪರೂಪ' ಎಂದರೆ ಉದಾಸೀನ, ಬರೀ 'ಮಾರಕ' ಎಂದರೆ ಗಾಬರಿ. ಜೊತೆಗೆ ಮಾಡಬೇಕಾದ್ದನ್ನೂ ಹೇಳಬೇಕು: ಬೇಸಿಗೆಯ ಕಾದ ನೀರಿನಲ್ಲಿ ಧುಮುಕಬೇಡಿ, ತಲೆ ಮುಳುಗಿಸುವುದಾದರೆ ಮೂಗು ಮುಚ್ಚಿಕೊಳ್ಳಿ, ತಳದ ಕೆಸರು ಕೆದಕಬೇಡಿ.

ಈಜುಕೊಳದ ಬಗ್ಗೆ ಎರಡು ಮಾತು. ಕ್ಲೋರಿನ್ ವಾಸನೆ ಮೂಗಿಗೆ ಹೊಡೆದರೆ ನೀರು ಶುದ್ಧವಾಗಿದೆ ಎಂದು ಅನೇಕರು ನಂಬಿದ್ದಾರೆ. ಆ ಘಾಟು, ಕ್ಲೋರಿನ್ ಬೆವರು ಮೂತ್ರಗಳ ಜೊತೆ ಸೇರಿ ಆದ ಕ್ಲೋರಮಿನ್‌ನದು. ಕಣ್ಣು ಉರಿಯುವುದೂ ಬಹುಮಟ್ಟಿಗೆ ಅದರಿಂದಲೇ. ಕ್ರಿಪ್ಟೊಸ್ಪೊರಿಡಿಯಂ ಎಂಬ ಭೇದಿಯ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ದಿನಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಭೇದಿ ಆಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸಬಾರದು, ಡೈಪರ್ ಕಟ್ಟಿಯೂ ಇಳಿಸಬಾರದು.

ಈಗ ಫಲಕದ ಮಾತು. 'ಇಲ್ಲಿ ಇ. ಕೋಲೈ ಪ್ರಮಾಣ ನಿಗದಿತ ಮಿತಿಯನ್ನು ಮೀರಿದ್ದು, ಸಾರ್ವಜನಿಕರು ಎಚ್ಚರಿಕೆ ವಹಿಸತಕ್ಕದ್ದು' ಎಂದು ಬರೆದರೆ ಓದಿದವರಿಗೆ ಏನು ತಿಳಿಯಿತು? ಎಚ್ಚರಿಕೆ ಎಂದರೆ ಏನು ಮಾಡಬೇಕು? ಅದೇ ಜಾಗದಲ್ಲಿ ಹೀಗೆ ಬರೆಯಬಹುದು: 'ನೀರಿಗೆ ಚರಂಡಿ ನೀರು ಸೇರಿದೆ. ಇಳಿದರೆ ವಾಂತಿ ಭೇದಿ ಆಗಬಹುದು. ಮಕ್ಕಳನ್ನು ಇಳಿಸಬೇಡಿ. ದಡದಲ್ಲಿ ಕೂರಲು ತೊಂದರೆಯಿಲ್ಲ. ನೀರು ತೆಗೆದ ದಿನ ಇಂಥದ್ದು, ಮುಂದಿನ ಪರೀಕ್ಷೆ ಇಂಥ ದಿನ.' ಕೊನೆಯ ಆ ದಿನಾಂಕಗಳು ಇಲ್ಲದಿದ್ದರೆ ಫಲಕಕ್ಕೆ ಬೆಲೆಯಿಲ್ಲ. ವರ್ಷವಿಡೀ ಬಣ್ಣ ಮಾಸಿ ನಿಂತಿರುವ ಎಚ್ಚರಿಕೆಯನ್ನು ಜನ ನೋಡಿಯೂ ನೋಡುವುದಿಲ್ಲ. ಅಪಾಯ ಕಳೆದ ದಿನವೇ ಫಲಕ ಕಿತ್ತರೆ, ಮುಂದಿನ ಸಲ ನೆಟ್ಟಾಗ ಜನ ನಂಬುತ್ತಾರೆ. ಓದು ಬಾರದವರೂ ಮಕ್ಕಳೂ ಇರುತ್ತಾರೆ, ಚಿತ್ರವೂ ಬೇಕು. ಫಲಿತಾಂಶ ಕೆಟ್ಟದಾಗಿ ಬಂದಾಗ ಪ್ರವಾಸಿಗರು ಬರುವುದಿಲ್ಲವೆಂದು ಮುಚ್ಚಿಡುವುದಂತೂ ಕೂಡದು. ಮುಚ್ಚಿಟ್ಟರೆ ನಷ್ಟ ಆಗುವುದು ಏನೂ ಅರಿಯದೆ ನೀರಿಗಿಳಿದವರಿಗೆ.

ಕಡೆಯದಾಗಿ ಇಲಿಜ್ವರ. ಇಲಿ, ದನ ಮುಂತಾದವುಗಳ ಮೂತ್ರ ಬೆರೆತ ನೀರಿನಿಂದ, ಗಾಯ, ತರಚಿದ ಚರ್ಮ, ಕಣ್ಣುಗಳ ಮೂಲಕ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಒಳಹೊಗುತ್ತದೆ. ಜ್ವರ ಕಾಣಿಸಿಕೊಳ್ಳಲು ಎರಡು ದಿನದಿಂದ ನಾಲ್ಕು ವಾರದವರೆಗೂ ಹಿಡಿಯಬಹುದು. 2000ದಲ್ಲಿ ಮಲೇಷ್ಯಾದ ಸಬಾ ರಾಜ್ಯದಲ್ಲಿ ಒಂದು ಸಾಹಸ ಸ್ಪರ್ಧೆ ನಡೆಯಿತು. 304 ಸ್ಪರ್ಧಿಗಳು ಕಾಡು, ಹೊಳೆ ದಾಟಿ ತಂತಮ್ಮ ದೇಶಗಳಿಗೆ ಮರಳಿದರು. ಆಮೇಲೆ ಬೇರೆ ಬೇರೆ ಊರುಗಳಲ್ಲಿ ಒಬ್ಬೊಬ್ಬರೇ ಜ್ವರ, ಚಳಿ, ಮೈಕೈ ನೋವು ಎಂದು ಆಸ್ಪತ್ರೆ ಸೇರತೊಡಗಿದರು. ತನಿಖೆಗೆ ಮಾತಿಗೆ ಸಿಕ್ಕ 189 ಮಂದಿಯಲ್ಲಿ 80 ಮಂದಿಗೆ ಇಲಿಜ್ವರದ ಲಕ್ಷಣವಿತ್ತು, ಅದಕ್ಕೂ ಸೆಗಾಮಾ ನದಿಯಲ್ಲಿ ಈಜಿದ್ದಕ್ಕೂ ನಂಟು ಕಂಡುಬಂತು. ರೋಗಿಗಳು ಎಲ್ಲಿಗೆ ಹೋಗಿದ್ದರು, ಅಲ್ಲಿ ಏನು ಮಾಡಿದ್ದರು ಎಂಬುದು ಹೊರಬಿದ್ದದ್ದರಿಂದಲೇ ಅಷ್ಟು ದೂರದೂರದ ಜ್ವರಗಳು ಒಂದೇ ನದಿಗೆ ಬಂದು ಸೇರಿದವು. ಬೇಗ ಗೊತ್ತಾದರೆ ಇದಕ್ಕೆ ಸಾಮಾನ್ಯ ಆ್ಯಂಟಿಬಯಾಟಿಕ್ ಸಾಕು. ಈಜಿ ಬಂದ ಒಂದು ತಿಂಗಳೊಳಗೆ ಜ್ವರ ಬಂದರೆ, ಡಾಕ್ಟರು ಕೇಳಲಿ ಬಿಡಲಿ, ಯಾವ ನೀರಿನಲ್ಲಿ, ಯಾವ ದಿನ ಇಳಿದಿದ್ದಿರಿ ಎಂದು ನೀವೇ ಹೇಳಿ. ಆ ಜಾಗ ನೋಡಿಕೊಳ್ಳುವ ಆರೋಗ್ಯ ಅಧಿಕಾರಿಗೂ ಒಂದು ಫೋನ್ ಮಾಡಿ. ಅದೇ ನೀರಿಗೆ ಆ ಹೊತ್ತಿನಲ್ಲಿ ಇನ್ನೂ ಮಕ್ಕಳು ಇಳಿಯುತ್ತಿರುತ್ತಾರೆ.