ಫೌಲ್ ಬಾಲ್ ಬರುವ ದಾರಿ: ಹೈಸ್ಕೂಲ್ ಬೇಸ್‌ಬಾಲ್ ನೋಡುವವರಿಗೆ, ಫೋಟೊ ತೆಗೆಯುವವರಿಗೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಹೈಸ್ಕೂಲುಗಳಲ್ಲಿ ವಸಂತ ಬಂತೆಂದರೆ ಬೇಸ್‌ಬಾಲ್ ಶುರು. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಶಾಲೆಯ ತಂಡದಲ್ಲಿ ಆಡುವುದುಂಟು. ಅಪ್ಪನೋ ಅಮ್ಮನೋ ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದು ಬೇಲಿಯ ಪಕ್ಕ ನಿಂತಿರುತ್ತಾರೆ. ಊರಿನಿಂದ ಬಂದ ಅಜ್ಜ ಅಜ್ಜಿ ಮಡಚುವ ಕುರ್ಚಿ ಹಾಕಿಕೊಂಡು ಮೊಮ್ಮಗನ ಸರದಿಗೆ ಕಾಯುತ್ತಿರುತ್ತಾರೆ. ಬ್ಯಾಟಿಗೆ ತಾಗಿ ಆಟದ ಗೆರೆಗಳ ಹೊರಗೆ ಚಿಮ್ಮುವ ಚೆಂಡಿಗೆ ಫೌಲ್ ಬಾಲ್ ಎನ್ನುತ್ತಾರೆ. ಅದರ ಪೆಟ್ಟಿನಿಂದ ಪಾರಾಗುವುದು ಹೇಗೆ ಎಂಬ ಇವತ್ತಿನ ಮಾತು ಇವರಿಗಾಗಿ.

ಕ್ರಿಕೆಟ್ ನೋಡಿ ಬೆಳೆದವರ ಕಣ್ಣು ಇಲ್ಲಿ ಮೋಸಹೋಗುತ್ತದೆ. ಅಂತಾರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಬೌಂಡರಿಯೇ ಪಿಚ್ಚಿನ ನಡುವಿನಿಂದ 59 ಮೀಟರಿಗೂ ಹೆಚ್ಚು ದೂರ, ನೋಡುವವರು ಅದಕ್ಕೂ ಆಚೆ. ಬೇಸ್‌ಬಾಲ್‌ನಲ್ಲಿ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನಿಂದ ಅದರ ಹಿಂದೆ ಚೆಂಡು ತಡೆಯುವ ಬ್ಯಾಕ್‌ಸ್ಟಾಪಿಗೆ, ಬ್ಯಾಟರ್ ಓಡುವ ಬೇಸ್ ಗೆರೆಗಳಿಂದ ಪಕ್ಕದ ಬೇಲಿಗೆ 60 ಅಡಿ, ಅಂದರೆ ಸುಮಾರು 18 ಮೀಟರ್ ಇರಲಿ ಎಂದು ನಿಯಮಾವಳಿ ಶಿಫಾರಸು ಮಾಡುತ್ತದೆ, ಅಷ್ಟೆ. ಎಷ್ಟೋ ಶಾಲಾ ಮೈದಾನಗಳಲ್ಲಿ ಅಷ್ಟೂ ಜಾಗ ಇರುವುದಿಲ್ಲ. ಚೆಂಡಿನ ತೂಕ 142ರಿಂದ 149 ಗ್ರಾಂ. ಲೋಹದ ಬ್ಯಾಟಿನಿಂದ ಚೆಂಡು ಚಿಮ್ಮುವ ವೇಗಕ್ಕೆ ಮಿತಿ ಹಾಕುವ ಮಾನದಂಡವೊಂದು 2012ರಿಂದ ಹೈಸ್ಕೂಲ್ ಆಟದಲ್ಲಿ ಕಡ್ಡಾಯವಾಗಿದೆ. ಹಾಗಿದ್ದರೂ ಗಟ್ಟಿಮುಟ್ಟಾದ ಹುಡುಗ ಸರಿಯಾಗಿ ಬಾರಿಸಿದರೆ ಚೆಂಡು ಗಂಟೆಗೆ 90 ಮೈಲಿ ವೇಗದಲ್ಲಿ ಹೊರಡುತ್ತದೆ. ಸೆಕೆಂಡಿಗೆ 132 ಅಡಿ. 60 ಅಡಿ ದೂರ ಕ್ರಮಿಸಲು ಅದಕ್ಕೆ ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಸಾಕು. ಚೆಂಡು ನಮ್ಮ ಕಡೆಗೇ ಬರುತ್ತಿದೆ ಎಂದು ತಿಳಿದು ಮೈ ಅಲುಗಾಡುವಷ್ಟರಲ್ಲಿ ಅದರಲ್ಲಿ ಕಾಲು ಸೆಕೆಂಡ್ ಮುಗಿದಿರುತ್ತದೆ. ಇದು ಬ್ಯಾಟ್ ತಾಗುವುದನ್ನು ಕಣ್ಣಾರೆ ಕಂಡವರ ಲೆಕ್ಕ. ಫೋನ್ ನೋಡುತ್ತಿದ್ದವರಿಗೆ ಪೆಟ್ಟು ಬಿದ್ದ ಮೇಲೆಯೇ ಗೊತ್ತಾಗುವುದು.

ಹಾಗಾಗಿ ಕೂರುವ ಮೊದಲು ಚೆಂಡು ಯಾವ ದಾರಿಯಲ್ಲಿ ಬರುತ್ತದೆ ಎಂದು ಯೋಚಿಸಬೇಕು. ಬಲಗೈ ಬ್ಯಾಟರ್ ಸ್ವಲ್ಪ ಬೇಗ ಬೀಸಿದರೆ ಚೆಂಡು ಮೂರನೇ ಬೇಸಿನ ಕಡೆಗೆ, ಅಂದರೆ ಬ್ಯಾಟರನ ಹಿಂದಿನಿಂದ ನೋಡುವವರಿಗೆ ಎಡಕ್ಕೆ ಹೋಗುತ್ತದೆ. ಪೂರ್ತಿ ಬಲದಿಂದ, ನೆಲಕ್ಕೆ ಸಮಾನಾಂತರವಾಗಿ ನುಗ್ಗುವ ಫೌಲ್‌ಗಳು ಹೆಚ್ಚಾಗಿ ಇವೇ. ತಡವಾಗಿ ಬೀಸಿದರೆ ಮೊದಲನೇ ಬೇಸಿನ ಕಡೆಗೆ, ಅಂದರೆ ಬಲಕ್ಕೆ. ಎಡಗೈ ಬ್ಯಾಟರ್ ಬಂದಾಗ ಇವೆರಡೂ ಅದಲುಬದಲು. ಬ್ಯಾಟಿನ ಮೇಲಂಚಿಗೆ ಸವರಿದ್ದು ಬ್ಯಾಕ್‌ಸ್ಟಾಪ್ ದಾಟಿ ಹಿಂದೆ ಬೀಳುತ್ತದೆ, ತಿಂಡಿ ಮಾರುವ ಜಾಗ, ಕಾರು ನಿಲ್ಲಿಸುವ ಜಾಗ ಇರುವುದು ಸಾಮಾನ್ಯವಾಗಿ ಅಲ್ಲೇ. ಜನ ಮರೆಯುವ ಇನ್ನೊಂದು ದಾರಿಯಿದೆ. ಎರಡನೇ, ಮೂರನೇ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಅಥವಾ ಮೂರನೇ ಬೇಸಿನವನು ಅವಸರದಲ್ಲಿ ಮೊದಲನೇ ಬೇಸಿಗೆ ಎಸೆದದ್ದು ಗುರಿ ತಪ್ಪಿದರೆ ನೇರ ಆ ಬೇಸಿನ ಹಿಂದಿನ ಬೇಲಿಗೆ ಬಂದು ಬಡಿಯುತ್ತದೆ. ಎಲ್ಲರೂ ಓಡುವವನನ್ನು ನೋಡುತ್ತಿರುವ ಹೊತ್ತು ಅದು.

ಕೂರಲು ಒಳ್ಳೆಯ ಜಾಗ ಬ್ಯಾಕ್‌ಸ್ಟಾಪಿನ ನೇರ ಹಿಂದೆ, ಬಲೆಯಿಂದ ನಾಲ್ಕೈದು ಅಡಿ ಬಿಟ್ಟು. ಬಲೆ ಚೆಂಡನ್ನು ತಡೆಯುವುದು ತಾನು ಹಿಂದಕ್ಕೆ ಉಬ್ಬುವ ಮೂಲಕ. ಅದಕ್ಕೆ ಒರಗಿ ಕೂತವರಿಗೆ ಬಲೆಯ ಮೂಲಕವೇ ಪೆಟ್ಟು ಬೀಳುತ್ತದೆ. ಚೈನ್‌ಲಿಂಕ್ ತಂತಿಬೇಲಿಯೂ ಹಾಗೆಯೇ ಬಾಗುತ್ತದೆ, ಅದರ ಕಿಂಡಿಗಳಲ್ಲಿ ಬೆರಳು ತೂರಿಸಿ ನಿಂತ ಮಕ್ಕಳ ಬೆರಳು ಮುರಿಯುವುದು ಹೀಗೆ. ಆಟಗಾರರು ಕೂರುವ ಡಗ್‌ಔಟ್ ಮುಗಿದ ಮೇಲೆ ಬೇಲಿ ಥಟ್ಟನೆ ನಾಲ್ಕಡಿಗೆ ಇಳಿಯುವ ಮೈದಾನಗಳುಂಟು. ಆ ತಗ್ಗು ಬೇಲಿಯ ಹಿಂದೆ ಚಿಕ್ಕ ಮಕ್ಕಳನ್ನು, ವಯಸ್ಸಾದವರನ್ನು ಕೂರಿಸಲೇಬೇಡಿ. ನೋಟ ಚೆನ್ನಾಗಿ ಸಿಗುತ್ತದೆ ಎಂದೇ ಜನ ಅಲ್ಲಿ ಕುರ್ಚಿ ಹಾಕುತ್ತಾರೆ ಎಂಬುದು ಸಂಕಟದ ವಿಷಯ.

ಬಲೆಯಿದೆ ಎಂದು ಪೂರ್ತಿ ನಿಶ್ಚಿಂತೆಯೂ ಸಲ್ಲದು. 2018ರ ಆಗಸ್ಟಿನಲ್ಲಿ ಲಾಸ್ ಏಂಜಲಿಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ ಬಲೆಯ ಮೇಲಿನಿಂದ ಹಾದುಬಂದ ಫೌಲ್ ಬಾಲ್ ತಲೆಗೆ ಬಡಿದು 79 ವರ್ಷದ ಮಹಿಳೆಯೊಬ್ಬರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದು ವೃತ್ತಿಪರ ಲೀಗಿನ ಮೈದಾನ. ಶಾಲೆಗಳಲ್ಲಿ ಬಲೆಯನ್ನು ಪ್ರತಿ ಋತುವಿಗೂ ಮೊದಲು ಕೈಯಿಂದ ಎಳೆದು ನೋಡಬೇಕು. ಬಿಸಿಲಿಗೆ ನೂಲು ಪುಡಿಯಾಗುತ್ತದೆ, ಕಟ್ಟಿದ ಪ್ಲಾಸ್ಟಿಕ್ ಪಟ್ಟಿಗಳು ಸಿಡಿಯುತ್ತವೆ, ಕೆಳಗೆ ನೆಲ ಸವೆದು ಸಂದಿಯಾಗುತ್ತದೆ. ಚೆಂಡಿನ ಅಡ್ಡಳತೆ ಮೂರು ಇಂಚಿಗೂ ಸ್ವಲ್ಪ ಕಡಿಮೆ, ಮುಷ್ಟಿ ತೂರುವಷ್ಟು ಹರಿದಿದ್ದರೆ ಚೆಂಡೂ ತೂರುತ್ತದೆ.

ಇನ್ನು ಫೋಟೊ ತೆಗೆಯುವವರ ವಿಷಯ. ಪ್ರೇಕ್ಷಕರಿಗಿಂತ ಇವರಿಗೇ ಅಪಾಯ ಹೆಚ್ಚು. 300 ಮಿಲಿಮೀಟರ್ ಲೆನ್ಸ್ ಹಾಕಿದ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಕಾಣುವುದು ಅಡ್ಡಕ್ಕೆ ಸುಮಾರು ಏಳು ಡಿಗ್ರಿ ಮಾತ್ರ. ಬ್ಯಾಟರನ ಮೇಲೆ ಲೆನ್ಸ್ ನೆಟ್ಟಿದ್ದಾಗ ನಿಮ್ಮತ್ತ ತಿರುಗಿದ ಚೆಂಡು ಒಂದೋ ಆ ಚೌಕಟ್ಟಿನಿಂದ ಜಾರಿಹೋಗುತ್ತದೆ, ಇಲ್ಲವೇ ನೇರ ಲೆನ್ಸಿಗೇ ಬರುತ್ತಿದ್ದರೂ ಎಷ್ಟು ಹತ್ತಿರ ಬಂದಿದೆ ಎಂಬ ಅಂದಾಜು ಸಿಗುವುದಿಲ್ಲ. ಲೆನ್ಸಿಗೆ ಚೆಂಡು ಬಡಿದರೆ ಕ್ಯಾಮೆರಾದ ಹಿಂಭಾಗ ಹೋಗಿ ಕಣ್ಣಿನ ಗುಳಿಗೆ ಗುದ್ದುತ್ತದೆ. ಆದ್ದರಿಂದ ಎರಡೂ ಕಣ್ಣು ತೆರೆದಿಟ್ಟು ತೆಗೆಯುವುದನ್ನು ರೂಢಿಸಿಕೊಳ್ಳಿ. ತೆಗೆದ ಚಿತ್ರವನ್ನು ಎಸೆತಗಳ ನಡುವೆ ಪರದೆಯಲ್ಲಿ ನೋಡಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಬೇಲಿಯ ಒಳಗೆ, ಆಟ ನಡೆಯುವ ಜಾಗಕ್ಕೆ ಹೋಗಬೇಡಿ. ಹೈಸ್ಕೂಲ್ ಆಟದ ರಾಷ್ಟ್ರೀಯ ನಿಯಮಾವಳಿಯಲ್ಲಿ ಛಾಯಾಗ್ರಾಹಕರಿಗೆ ಪ್ರತ್ಯೇಕ ಜಾಗ ಗುರುತಿಸಲು ಅವಕಾಶವಿದೆ. ಆಟ ಶುರುವಾಗುವ ಮೊದಲೇ ಅದನ್ನು ಗೆರೆ ಎಳೆದು ತೋರಿಸಿರಬೇಕು, ಅಲ್ಲಿಗೆ ಚೆಂಡು ಹೋದರೆ ಅದು ಡೆಡ್ ಬಾಲ್, ಅಂದರೆ ಆಟ ಅಲ್ಲಿಗೆ ನಿಲ್ಲುತ್ತದೆ. ಅಂಥ ಜಾಗ ಇದೆಯೇ ಎಂದು ಮೊದಲು ಕೋಚ್ ಅಥವಾ ಶಾಲೆಯ ಕ್ರೀಡಾ ನಿರ್ದೇಶಕರನ್ನು ಕೇಳಿ, ಆಮೇಲೆ ಅಂಪೈರಿಗೆ ತಿಳಿಸಿ. ಅಲ್ಲಿ ಮುಂದೆ ತಡೆಯಿಲ್ಲದಿದ್ದರೆ ಹೆಲ್ಮೆಟ್ ಹಾಕಿಕೊಳ್ಳಿ. ಸ್ಟೂಲಿನ ಮೇಲೆ ಕೂರಬೇಡಿ, ಕೂತವರು ಪಕ್ಕಕ್ಕೆ ಜಿಗಿಯಲಾರರು. ಬ್ಯಾಗು, ಮೊನೊಪಾಡ್ ಕಾಲಬುಡದಲ್ಲಿ ಹರಡಿದ್ದರೆ ನೀವೂ ಎಡವುತ್ತೀರಿ, ಎತ್ತರದ ಫೌಲ್ ಹಿಡಿಯಲು ಮೇಲೆ ನೋಡುತ್ತಾ ಓಡಿಬರುವ ಹುಡುಗನೂ ಎಡವುತ್ತಾನೆ.

ಬೇಲಿಯ ಹಿಂದಿನಿಂದಲೇ ಒಳ್ಳೆಯ ಚಿತ್ರ ಬರುತ್ತದೆ. ಎಫ್ 2.8 ಅಥವಾ 4ಕ್ಕೆ ಅಪರ್ಚರ್ ತೆರೆದು, ಲೆನ್ಸಿನ ನಡುಭಾಗವನ್ನು ತಂತಿಯ ಕಣ್ಣೊಂದಕ್ಕೆ ನೇರ ಹಿಡಿದರೆ ಹತ್ತಿರದ ತಂತಿ ಚಿತ್ರದಲ್ಲಿ ಕರಗಿಹೋಗುತ್ತದೆ. ಆಟಗಾರ ದೂರವಿದ್ದಷ್ಟೂ, ತಂತಿಯ ಮೇಲೆ ಬಿಸಿಲು ಬೀಳದಿದ್ದಷ್ಟೂ ಚೆನ್ನ. ತೊಂದರೆ ಏನೆಂದರೆ ಲೆನ್ಸ್ ತಂತಿಗೆ ತೀರ ಹತ್ತಿರವಿರಬೇಕು, ಬೇಲಿ ಬಾಗುವುದೂ ಅಲ್ಲೇ. ಹಾಗಾಗಿ ಈ ವಿಧಾನವನ್ನು ಬ್ಯಾಟರನ ಹಿಂದೆ ಬಳಸಬೇಡಿ. ಔಟ್‌ಫೀಲ್ಡಿನ, ಅಂದರೆ ಮೈದಾನದ ದೂರದ ಭಾಗದ ಬೇಲಿಯ ಬಳಿ ಬಳಸಿ, ಅಲ್ಲಿ ಚೆಂಡು ಬರಲು ನಿಮಗೆ ಹೆಚ್ಚು ಹೊತ್ತು ಸಿಗುತ್ತದೆ. ಕೆಲವು ಕಡೆ ಲೆನ್ಸ್ ತೂರಿಸಲು ಬೇಲಿಯಲ್ಲಿ ಕಿಂಡಿ ಕೊರೆದಿರುತ್ತಾರೆ. ಲೆನ್ಸ್ ತೆಗೆದ ಕೂಡಲೇ ಅದನ್ನು ಮುಚ್ಚುವ ತಗಡು ಇಲ್ಲದಿದ್ದರೆ ಅಂಥ ಕಿಂಡಿ ಬೇಡವೇ ಬೇಡ.

ಇನಿಂಗ್ಸ್ ಬದಲಾಗುವ ಹೊತ್ತಿನಲ್ಲಿ ಎಲ್ಲರೂ ಮೈಮರೆಯುತ್ತಾರೆ. ಪಿಚರ್ ಎಸೆಯುತ್ತಿರುತ್ತಾನೆ, ಬೇಸುಗಳ ಬಳಿ ನಿಲ್ಲುವ ಇನ್‌ಫೀಲ್ಡಿನವರ ಕೈಯಲ್ಲಿ ಇನ್ನೊಂದು ಚೆಂಡು, ಔಟ್‌ಫೀಲ್ಡಿನವರಲ್ಲಿ ಮತ್ತೊಂದು. ಆಟಕ್ಕೆ ಮುಂಚಿನ ಅಭ್ಯಾಸದಲ್ಲೂ ಇದೇ ಕಥೆ. ಆಗ ಬೇಲಿಗೆ ಬೆನ್ನು ಮಾಡಿ ನಿಲ್ಲಬಾರದು.

ಯಾರಾದರೂ “ಹೆಡ್ಸ್ ಅಪ್” ಎಂದು ಕೂಗಿದರೆ ತಲೆಯೆತ್ತಿ ಹುಡುಕಬೇಡಿ, ಪೆಟ್ಟು ಮುಖಕ್ಕೇ ಬೀಳುತ್ತದೆ. ಚೆಂಡು ಮೊದಲೇ ಕಂಡಿದ್ದರೆ ಪಕ್ಕಕ್ಕೆ ಸರಿಯಿರಿ. ಕಾಣದಿದ್ದರೆ ಎರಡೂ ಕೈಗಳಿಂದ ತಲೆ, ಕತ್ತಿನ ಹಿಂಭಾಗ ಮುಚ್ಚಿಕೊಂಡು ಬಾಗಿ. ಪಕ್ಕದಲ್ಲಿ ಮಗುವಿದ್ದರೆ ಅದರ ಮೇಲೆ ಬಾಗಿ.

ಎದೆಗೆ ಚೆಂಡು ಬಡಿದು ಯಾರಾದರೂ, ಅದರಲ್ಲೂ ಮಕ್ಕಳು, ಕುಸಿದುಬಿದ್ದರೆ ಉಸಿರು ಕಟ್ಟಿದೆ ಎಂದು ಕಾಯಬೇಡಿ. ಹೃದಯದ ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಬಿದ್ದ ಪೆಟ್ಟು ಆರೋಗ್ಯವಂತ ಹೃದಯದ ಲಯವನ್ನೂ ಕೆಡಿಸಬಲ್ಲದು. ಒಬ್ಬರು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಒಬ್ಬರು ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಲಯ ಸರಿಪಡಿಸುವ ಎಇಡಿ ಯಂತ್ರ ತರಲು ಓಡಿ, ಇನ್ನೊಬ್ಬರು ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ ಎದೆ ಒತ್ತಲು ತೊಡಗಿ. ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಎಇಡಿ ಶಾಲೆಯ ಬೀಗ ಹಾಕಿದ ಕಟ್ಟಡದೊಳಗೆ ಇದ್ದರೆ ಇದ್ದೂ ಇಲ್ಲದಂತೆ, ಆದ್ದರಿಂದ ಅದು ಎಲ್ಲಿದೆ ಎಂದು ಆಟ ಶುರುವಾಗುವ ಮೊದಲೇ ಕೇಳಿ.

ಕಣ್ಣಿಗೆ ಪೆಟ್ಟಾದರೆ ಉಜ್ಜಬೇಡಿ, ಒತ್ತಬೇಡಿ. ಕಾಗದದ ಲೋಟದ ತಳದಿಂದ, ಅದು ಕಣ್ಣಿಗೆ ತಾಗದಂತೆ, ಕಣ್ಣನ್ನು ಮರೆಮಾಡಿ ಆಸ್ಪತ್ರೆಗೆ ಹೋಗಿ. ತಲೆಗೆ ಬಿದ್ದು ಎಚ್ಚರ ತಪ್ಪಿದರೆ ಅವರನ್ನು ಎತ್ತಿ ಕೂರಿಸದೆ 911ಕ್ಕೆ ಕರೆ ಮಾಡಿ. ಎಚ್ಚರವಿದ್ದರೂ ವಾಂತಿ, ಹೆಚ್ಚುತ್ತಿರುವ ತಲೆನೋವು, ತೂಕಡಿಕೆ, ತೊದಲು ಕಂಡರೆ ತಕ್ಷಣ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಊರಿನಿಂದ ಬಂದ ಹಿರಿಯರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಎಪಿಕ್ಸಬಾನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಲೆಗೆ ಬಿದ್ದ ಸಣ್ಣ ಪೆಟ್ಟನ್ನೂ ಆಸ್ಪತ್ರೆಯಲ್ಲಿ ತೋರಿಸಲೇಬೇಕು, ಒಳಗೆ ರಕ್ತ ನಿಧಾನವಾಗಿ ಸೋರುವುದು ಹೊರಗೆ ಕಾಣಿಸುವುದಿಲ್ಲ. ಆ ಮಾತ್ರೆಗಳ ಹೆಸರು ಬರೆದ ಚೀಟಿ, ಪ್ರಯಾಣ ವಿಮೆಯ ಕಾಗದದ ಪ್ರತಿ ಎರಡೂ ಅವರ ಕಿಸೆಯಲ್ಲೋ ಕೈಚೀಲದಲ್ಲೋ ಇರಲಿ. ಆಸ್ಪತ್ರೆಯಲ್ಲಿ ಪೆಟ್ಟಿನ ಜೊತೆಗೇ ಮಾತ್ರೆಯ ವಿಷಯವನ್ನೂ ಮೊದಲ ಮಾತಿನಲ್ಲೇ ಹೇಳಿ.

ನಮಸ್ಕಾರ.