ಕೆಳತುದಿ ಎತ್ತ ಹೋಗುತ್ತದೆ?

ಕೇಳುಗರಿಗೆ ನಮಸ್ಕಾರ.

ಹತ್ತನೇ ತರಗತಿಯ ಮಕ್ಕಳನ್ನು ನಿಲ್ಲಿಸಿ, ಎಎಕ್ಸ್ ವರ್ಗ ಪ್ಲಸ್ ಬಿಎಕ್ಸ್ ಪ್ಲಸ್ ಸಿ ಸಮ ಸೊನ್ನೆ ಎಂಬ ವರ್ಗಸಮೀಕರಣದಲ್ಲಿ ಬಿ ವರ್ಗ ಮೈನಸ್ ನಾಲ್ಕು ಎಸಿ ಅಂದರೆ ಏನು ಎಂದು ಕೇಳಿ ನೋಡಿ. ಶೋಧಕ ಅನ್ನುತ್ತಾರೆ. ಅದು ಸೊನ್ನೆಗಿಂತ ಹೆಚ್ಚಿದ್ದರೆ ಎರಡು ಭಿನ್ನ ಮೂಲಗಳು, ಅಂದರೆ ಸಮೀಕರಣಕ್ಕೆ ಹೊಂದುವ ಎಕ್ಸ್‌ನ ಎರಡು ಬೆಲೆಗಳು, ಸೊನ್ನೆಯಾದರೆ ಸಮ ಮೂಲಗಳು, ಕಡಿಮೆಯಿದ್ದರೆ ವಾಸ್ತವ ಮೂಲಗಳೇ ಇಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಯಾಕೆ ಹಾಗೆ ಅಂದರೆ ಮಾತು ನಿಂತುಹೋಗುತ್ತದೆ. ಮಕ್ಕಳ ತಪ್ಪೇನೂ ಇಲ್ಲ. ಕಪ್ಪುಹಲಗೆಯ ಮೇಲೆ ನಾವು ಎಳೆದ ವಕ್ರರೇಖೆ ಎಳೆದಲ್ಲೇ ಇರುತ್ತದೆ. ಬಿ ಬೆಲೆ ಬದಲಾದಂತೆ ಅದು ಎತ್ತ ಸರಿಯುತ್ತದೆ ಎಂಬುದನ್ನು ಸೀಮೆಸುಣ್ಣದಿಂದ ತೋರಿಸಲು ಆಗುವುದಿಲ್ಲ. ಪ್ರೌಢಶಾಲೆಯ ಗಣಿತಕ್ಕೆ ಕಂಪ್ಯೂಟರ್ ನಿಜವಾಗಿ ಬೇಕಾಗುವುದು ಇಲ್ಲಿ, ಈ ಚಲನೆಯನ್ನು ತೋರಿಸುವುದಕ್ಕೆ.

ಇದಕ್ಕೆ ಒದಗುವ ತಂತ್ರಾಂಶ ಜಿಯೋಜೀಬ್ರಾ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ತಮ್ಮ ಸ್ನಾತಕೋತ್ತರ ಪದವಿಯ ಕೆಲಸವಾಗಿ ಇದನ್ನು ಶುರು ಮಾಡಿದರು. ಶಾಲೆಗಳು ದುಡ್ಡು ಕೊಡಬೇಕಿಲ್ಲ. ಒಮ್ಮೆ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಇಂಟರ್‌ನೆಟ್ಟೂ ಬೇಡ. ನೆಟ್‌ವರ್ಕ್ ಬಂದು ಹೋಗುವ ಊರಿನ ಶಾಲೆಗಳಿಗೆ ಇದು ದೊಡ್ಡ ಅನುಕೂಲ.

ಈಗ ಒಂದು ಪಾಠವನ್ನೇ ನೋಡೋಣ. ಪೆನ್ನು, ಕಾಗದ ಹತ್ತಿರವಿದ್ದರೆ ತೆಗೆದುಕೊಳ್ಳಿ. ಸಮೀಕರಣ ಹೀಗಿದೆ: ವೈ ಸಮ, ಎಕ್ಸ್ ವರ್ಗ, ಪ್ಲಸ್ ಬಿಎಕ್ಸ್, ಪ್ಲಸ್ ಒಂದು. ಬಿ ಸೊನ್ನೆಯಾಗಿದ್ದಾಗ ಬಟ್ಟಲಿನಂತಹ ಪರವಲಯದ ಕೆಳತುದಿ ವೈ ಅಕ್ಷದ ಮೇಲೆ, ಒಂದರ ಎತ್ತರದಲ್ಲಿ ಇರುತ್ತದೆ. ಬಿಗೆ ಒಂದು ಸ್ಲೈಡರ್, ಅಂದರೆ ಎಳೆದು ಬೆಲೆ ಬದಲಿಸುವ ಗುಂಡಿ, ಜೋಡಿಸಿ. ಆದರೆ ಮೌಸ್ ಮುಟ್ಟುವ ಮೊದಲು ಮಕ್ಕಳನ್ನು ಕೇಳಿ: ಬಿ ಹೆಚ್ಚಿಸಿದರೆ ಕೆಳತುದಿ ಎತ್ತ ಹೋಗುತ್ತದೆ? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಊಹಿಸಿ ಬರೆದವರಿಗೆ ಮಾತ್ರ ಮುಂದೆ ಕಾಣುವುದರಲ್ಲಿ ಪಾಲು ಇರುತ್ತದೆ. ಬಲಕ್ಕೆ ನೇರ ಸರಿಯುತ್ತದೆ ಎಂದು ಕೆಲವರು ಬರೆಯುತ್ತಾರೆ, ವಾಲುತ್ತದೆ ಎಂದು ಇನ್ನು ಕೆಲವರು.

ಈಗ ಮಕ್ಕಳಲ್ಲೇ ಒಬ್ಬರನ್ನು ಕರೆದು ಸ್ಲೈಡರ್ ಎಳೆಯಲು ಹೇಳಿ. ಕೆಳತುದಿ ಎಡಕ್ಕೆ ಹೋಗುತ್ತಲೇ ಕೆಳಗೂ ಇಳಿಯುತ್ತದೆ. ಬಿ ಎರಡಕ್ಕೆ ಬಂದಾಗ ಅದು ಎಕ್ಸ್ ಅಕ್ಷವನ್ನು ಮುಟ್ಟುತ್ತದೆ. ವಕ್ರರೇಖೆ ಈ ಅಕ್ಷವನ್ನು ಸೇರುವ ಜಾಗಗಳೇ ಮೂಲಗಳು. ಅಲ್ಲಿ ಶೋಧಕ ಸೊನ್ನೆ. ಮೂರಕ್ಕೆ ಬಂದಾಗ ವಕ್ರರೇಖೆ ಅಕ್ಷವನ್ನು ಎರಡು ಕಡೆ ಕತ್ತರಿಸಿರುತ್ತದೆ. ಬಾಯಿಪಾಠ ಮಾಡಿದ್ದ ಮೂರು ಸಾಲುಗಳು ಒಂದೇ ಎಳೆತದಲ್ಲಿ ಕಣ್ಣೆದುರು ಬರುತ್ತವೆ. ಇನ್ನೊಂದು ಕೆಲಸ ಮಾಡಿ, ಕೆಳತುದಿ ನಡೆದ ದಾರಿಯ ಗುರುತು ಉಳಿಯುವಂತೆ ಮಾಡಿ ಬಿಯನ್ನು ಋಣಬೆಲೆಗೂ ಒಯ್ಯಿರಿ. ಮೂಡುವುದು ಮತ್ತೊಂದು ಪರವಲಯ, ಬೋರಲು ಹಾಕಿದ್ದು! ಇದು ಎಲ್ಲಿಂದ ಬಂತು ಎಂದು ಮಕ್ಕಳೇ ಕೇಳುತ್ತಾರೆ. ಆಗ ಕಂಪ್ಯೂಟರ್ ಬಿಟ್ಟು ಹಲಗೆಗೆ ಬನ್ನಿ. ಕೆಳತುದಿಯಲ್ಲಿ ಎಕ್ಸ್‌ನ ಬೆಲೆ ಮೈನಸ್ ಬಿ ಬೈ ಎರಡು. ಅಂದರೆ ಬಿ ಎಂಬುದು ಮೈನಸ್ ಎರಡು ಎಕ್ಸ್. ಅದನ್ನು ಸಮೀಕರಣದಲ್ಲಿ ಹಾಕಿದರೆ ವೈ ಸಮ ಒಂದು ಮೈನಸ್ ಎಕ್ಸ್ ವರ್ಗ. ಎರಡೇ ಸಾಲಿನ ಲೆಕ್ಕ. ಕೇಳುವ ಹಸಿವು ಹುಟ್ಟಿದ ಮೇಲೆ ಈ ಎರಡು ಸಾಲು ಮಕ್ಕಳಿಗೆ ಎಷ್ಟು ರುಚಿಸುತ್ತವೆ ಎಂಬುದನ್ನು ನೀವು ಅವರ ಮುಖದಲ್ಲೇ ನೋಡಬೇಕು.

ಪರದೆ ತೋರಿಸಿದ್ದನ್ನೇ ಸಾಧನೆ, ಅಂದರೆ ಗಣಿತದ ಪುರಾವೆ, ಎಂದು ಮಕ್ಕಳು ನಂಬುವ ಅಪಾಯವೂ ಇದೆ. ಅದಕ್ಕೂ ಮದ್ದು ಅದೇ ತಂತ್ರಾಂಶದಲ್ಲಿದೆ. ಒಂದು ತ್ರಿಭುಜ ಎಳೆದು, ಕೋನಗಳನ್ನು ದಶಮಾಂಶವಿಲ್ಲದೆ ತೋರಿಸುವಂತೆ ಇಟ್ಟುಕೊಳ್ಳಿ. ಶೃಂಗವನ್ನು, ಅಂದರೆ ಅದರ ಒಂದು ಮೂಲೆಯನ್ನು, ಅತ್ತಿತ್ತ ಎಳೆಯುತ್ತಿದ್ದರೆ ಒಮ್ಮೆ 46, 68, 67 ಎಂದು ಬಂದೀತು. ಕೂಡಿದರೆ 181! ನಿಜವಾದ ಕೋನಗಳು 45.6, 67.7, 66.7 ಇರಬಹುದು, ಯಂತ್ರ ಅಂದಾಜಿಸಿ ಬರೆದಿದೆ. ಮೂರೂ ಕೋನ ಕೂಡಿ 180 ಡಿಗ್ರಿಯೇ ಎಂದು ಹೇಳುವ ಧೈರ್ಯ ನಮಗೆ ಬರುವುದು ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆದು ಸಾಧಿಸಿದಾಗ ಮಾತ್ರ.

ಸ್ಮಾರ್ಟ್ ಕ್ಲಾಸ್ ಎಂದು ವಿಡಿಯೊ ಹಚ್ಚಿ ಮಕ್ಕಳನ್ನು ಕೂರಿಸುವುದನ್ನು ನಾನು ಒಪ್ಪಲಾರೆ. ವಿಡಿಯೊ ಮಗುವಿನ ಊಹೆಗೆ ಕಾಯುವುದಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಇದ್ದರೆ ನಾನು ಹೇಳಿದ ಪಾಠ ನಡೆಯುತ್ತದೆ. ಚಿತ್ರವನ್ನು ವೈಟ್‌ಬೋರ್ಡಿನ ಮೇಲೆ ಬಿಟ್ಟರೆ ಅದರ ಮೇಲೆಯೇ ಬರೆಯಬಹುದು. ಕರೆಂಟು ಹೋದರೆ ನೋಟ್‌ಬುಕ್ಕಿನ ಊಹೆಗಳಿಂದ ಚರ್ಚೆ ಮುಂದುವರಿಸಿ. ಕನ್ನಡದಲ್ಲಿ ಸಾಮಗ್ರಿ ಬೇಕೆನ್ನುವ ಶಿಕ್ಷಕರು, ನಮ್ಮ ಸರ್ಕಾರಿ ಶಾಲಾ ಶಿಕ್ಷಕರೇ ಸೇರಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣವನ್ನು ನೋಡಬಹುದು.

ಮುಗಿಸುವ ಮುನ್ನ ಮಕ್ಕಳಿಗೊಂದು ಲೆಕ್ಕ. ಈ ಸಲ ಬಿಯನ್ನು ಎರಡಕ್ಕೆ ನಿಲ್ಲಿಸಿ, ಎಕ್ಸ್ ವರ್ಗದ ಮುಂದೆ ಎ ಎಂಬ ಸ್ಲೈಡರ್ ಇಡಿ. ಎ ಬದಲಾದಂತೆ ವಕ್ರರೇಖೆಯ ತುದಿ ಯಾವ ದಾರಿ ಹಿಡಿಯುತ್ತದೆ? ಪರವಲಯವಂತೂ ಬರುವುದಿಲ್ಲ. ಎ ಸೊನ್ನೆಯಾದ ಗಳಿಗೆಯಲ್ಲಿ ಏನಾಗುತ್ತದೆ ಎಂಬುದನ್ನೂ ಗಮನಿಸಿ. ಮೊದಲು ಊಹಿಸಿ ಬರೆದಿಡಿ, ಆಮೇಲೆ ಎಳೆಯಿರಿ.

ನಮಸ್ಕಾರ.